ನಾಲಿಗೆ ಮತ್ತು ಕೂಲಿ

(ನಮ್ಮ ಕನ್ನಡ ವೇಳೆಯ ಚಿಂತನ ವಿಭಾಗದಲ್ಲಿ ಪ್ರಸಾರವಾದ ಭಾಷಣ. ಕೇಳುಗರ ಕೋರಿಕೆಯ ಮೇರೆಗೆ ಇಲ್ಲಿ ಅಚ್ಚಾಗಿದೆ.)



ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಮಾತಿನ ವಿಷಯ ಬಂದರೆ ಕನ್ನಡಿಗರಿಗೆ ನೆನಪು ಮಾಡಿಕೊಳ್ಳಲು ಬೇಕಾದಷ್ಟಿದೆ. ನುಡಿ ಹೇಗಿರಬೇಕೆಂದು ಬಸವಣ್ಣನವರು ಒಂದು ವಚನದಲ್ಲಿ ಅಳೆದು ತೂಗಿ ಹೇಳಿದ್ದಾರೆ. ಪುರಂದರದಾಸರಂತೂ ನಾಲಿಗೆಯನ್ನೇ ಎದುರಿಗೆ ನಿಲ್ಲಿಸಿಕೊಂಡು ಗದರಿದ್ದಾರೆ. ಅವೆಲ್ಲ ನಿಮಗೆ ಬಾಯಿಪಾಠವಾಗಿರುವವೇ. ಇವತ್ತು ನಾನು ಹೇಳಹೊರಟಿರುವುದು ನಮ್ಮಲ್ಲಿ ಅನೇಕರು ಓದಿರದ ಒಂದು ಕಾಗದದ ಬಗ್ಗೆ. ಕ್ರೈಸ್ತರ ಬೈಬಲಿನಲ್ಲಿ, ಹೊಸ ಒಡಂಬಡಿಕೆಯ ಕೊನೆಯ ಭಾಗದಲ್ಲಿ ಬರುವ ಯಾಕೋಬನ ಪತ್ರಿಕೆ.

ಐದೇ ಅಧ್ಯಾಯಗಳ ಸಣ್ಣ ಪತ್ರ ಇದು. ಕನ್ನಡ ಕ್ರೈಸ್ತರು ಬೈಬಲಿನ ವಾಕ್ಯಗಳನ್ನು ವಚನಗಳೆಂದೂ ಕರೆಯುತ್ತಾರೆ. ಆ ಲೆಕ್ಕದಲ್ಲಿ ಇದರಲ್ಲಿ 108 ವಚನಗಳಿವೆ. ಜಪಮಾಲೆಯ ಮಣಿಗಳಷ್ಟು! ಅದು ಆಕಸ್ಮಿಕ, ಅರ್ಥ ಹುಡುಕುವುದು ಬೇಡ. ಡೊಂಬಿವಲಿಯಲ್ಲಿ ಸೀಟು ಸಿಕ್ಕರೆ ದಾದರ್ ಬರುವಷ್ಟರಲ್ಲಿ ಓದಿ ಮುಗಿಸಬಹುದು. ಸೀಟು ಸಿಗುವುದು ಬೇರೆ ಮಾತು.

ಕನ್ನಡ ಬಿ.ಎ. ತರಗತಿಯಲ್ಲಿ ನಾವು ಮಿಷನರಿಗಳ ಸೇವೆ ಎಂಬ ಪ್ರಶ್ನೆಗೆ ಉತ್ತರ ಬರೆದವರು. 1843ರ ಮಂಗಳೂರು ಸಮಾಚಾರ, ಮೋಗ್ಲಿಂಗ್, 1894ರ ಕಿಟೆಲ್ ನಿಘಂಟು, ಎಲ್ಲವೂ ಪರೀಕ್ಷೆಗೆ ಬರುತ್ತಿತ್ತು. ಆ ಜನ ಯಾವ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ಹಡಗು ಹತ್ತಿ ಬಂದರೋ ಅದರಲ್ಲಿ ಏನಿದೆ ಎಂಬುದು ಮಾತ್ರ ಪಠ್ಯದಲ್ಲಿ ಇರಲಿಲ್ಲ. ಈ ಊರಿನಲ್ಲಿ ಕನ್ನಡದಲ್ಲೇ ಆರಾಧನೆ ನಡೆಸುವ ಕ್ರೈಸ್ತ ಸಭೆಗಳಿವೆ. ಅಂಥ ಸಭೆಯ ಹಿರಿಯರೊಬ್ಬರು, ನಮ್ಮ ಹಳೆಯ ಕೇಳುಗರು, ಒಂದು ದಿನ ಸ್ಟುಡಿಯೋಕ್ಕೆ ಬಂದಾಗ ಪುಟ ಮಡಚಿದ ಪುಸ್ತಕವೊಂದನ್ನು ಕೈಗಿಟ್ಟು, “ನೀವು ಮಾತಾಡಿ ಅನ್ನ ತಿನ್ನುವವರು, ಇದನ್ನು ಓದಿ ತಾಯಿ” ಎಂದರು. ಮಡಚಿದ್ದು ಯಾಕೋಬನ ಪತ್ರದ ಮೂರನೆಯ ಅಧ್ಯಾಯ.

ಬರೆದವನು ಯೇಸುವಿನ ಸಹೋದರನೆನಿಸಿದ ಯಾಕೋಬ, ಜೆರೂಸಲೇಮಿನ ಸಭೆಗೆ ಹಿರಿಯನಾಗಿದ್ದವನು ಎಂಬುದು ಸಂಪ್ರದಾಯ. ವಿದ್ವಾಂಸರಲ್ಲಿ ಇದರ ಬಗ್ಗೆ ಚರ್ಚೆ ಉಂಟು. ಆ ಯಾಕೋಬನನ್ನು ಕಲ್ಲೆಸೆದು ಕೊಂದ ಸಂಗತಿಯನ್ನು ಯಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸಿದ್ದಾನೆ. ಅದು ಕ್ರಿ.ಶ. 62ರ ಸುಮಾರಿನ ಮಾತು. ಈ ಪತ್ರ ಎಲ್ಲರಿಗೂ ರುಚಿಸಿದ್ದಲ್ಲ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದ ಮಾರ್ಟಿನ್ ಲೂಥರ್ ಮುನ್ನುಡಿಯಲ್ಲಿ ಇದನ್ನು ಒಣಹುಲ್ಲಿಗೆ ಹೋಲಿಸಿದ್ದ. ನಂಬಿಕೆಯೊಂದೇ ಸಾಲದು, ಕೃತಿ ಬೇಕು ಎಂದು ಯಾಕೋಬ ಹಟ ಹಿಡಿಯುತ್ತಾನಲ್ಲ, ಅದು ಲೂಥರನಿಗೆ ಹಿಡಿಸಲಿಲ್ಲ. ನಾಲಿಗೆ ಬಿಗಿಹಿಡಿಯಿರಿ ಎಂದು ಹೇಳುವ ಪತ್ರಕ್ಕೇ ಇಂಥ ಮಾತು ಬಿತ್ತು ನೋಡಿ. ಮುಂದಿನ ಮುದ್ರಣಗಳಲ್ಲಿ ಆ ಹೋಲಿಕೆಯನ್ನು ಬಿಟ್ಟರು.

ಪತ್ರದ ವಿಳಾಸ ಮೊದಲ ವಚನದಲ್ಲೇ ಇದೆ. ಸ್ವಂತ ನಾಡು ಬಿಟ್ಟು ನಾನಾ ದೇಶಗಳಲ್ಲಿ ಚದುರಿಹೋಗಿದ್ದ ಜನರಿಗೆ ಬರೆದದ್ದು. ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ಕುಳಿತು ಇದನ್ನು ಕೇಳುತ್ತಿರುವ ನಮಗೆ ಆ ವಿಳಾಸ ಪೂರ್ತಿ ಅಪರಿಚಿತವಲ್ಲ.

ಮೂರನೆಯ ಅಧ್ಯಾಯ ಆರಂಭವಾಗುವುದು ನಮ್ಮಂಥವರಿಗೆ ಒಂದು ಎಚ್ಚರಿಕೆಯೊಂದಿಗೆ. ಬೋಧಿಸುವ ಸ್ಥಾನಕ್ಕೆ ಎಲ್ಲರೂ ನುಗ್ಗಬೇಡಿ, ಅಲ್ಲಿ ನಿಂತವರ ಲೆಕ್ಕವನ್ನು ಹೆಚ್ಚು ಕಟ್ಟುನಿಟ್ಟಾಗಿ ನೋಡಲಾಗುತ್ತದೆ ಎಂಬ ಅರ್ಥದ ಮಾತು ಅಲ್ಲಿದೆ. ಮೈಕಿನ ಮುಂದೆ ಕೂರುವವರು, ಕಟ್ಟೆಯ ಮೇಲೆ ನಿಂತು ಭಾಷಣ ಮಾಡುವವರು, ತರಗತಿಯಲ್ಲಿ ಪಾಠ ಹೇಳುವವರು, ಎಲ್ಲರಿಗೂ ಅನ್ವಯಿಸುತ್ತದೆ. ಆಮೇಲೆ ಹೋಲಿಕೆಗಳು ಸಾಲಾಗಿ ಬರುತ್ತವೆ. ಕುದುರೆಯ ಬಾಯಿಗೆ ಹಾಕುವ ಕಡಿವಾಣ, ದೊಡ್ಡ ಹಡಗನ್ನು ತಿರುಗಿಸುವ ಸಣ್ಣ ಚುಕ್ಕಾಣಿ, ಕಾಡನ್ನೇ ಸುಡುವ ಒಂದು ಕಿಡಿ. ಹುಲಿ, ಹಕ್ಕಿ, ಹಾವು, ಕಡಲಿನ ಜೀವಿ ಯಾವುದನ್ನಾದರೂ ಮನುಷ್ಯ ಪಳಗಿಸಿಯಾನು, ಬಾಯೊಳಗಿನ ಈ ತುಂಡು ಮಾಂಸವನ್ನು ಮಾತ್ರ ಪಳಗಿಸಲಾರ ಎಂದು ಆತ ಹೆಚ್ಚುಕಡಿಮೆ ಕೈಚೆಲ್ಲುತ್ತಾನೆ. ಹುಲಿ ಎಂದದ್ದು ನಾನು. ಅವನು ಬರೀ ಮೃಗ ಎಂದಿದ್ದಾನೆ.

ಇಷ್ಟು ಹೋಲಿಕೆಗಳು ಯಾವ ಸುಭಾಷಿತ ಸಂಗ್ರಹದಲ್ಲಾದರೂ ಸಿಕ್ಕಾವು. ನನ್ನನ್ನು ನಿಲ್ಲಿಸಿದ್ದು ಮುಂದಿನ ಮಾತು. ಇದೇ ಬಾಯಿಂದ ದೇವರನ್ನು ಹೊಗಳುತ್ತೇವೆ, ಇದೇ ಬಾಯಿಂದ ಮನುಷ್ಯರನ್ನು ಶಪಿಸುತ್ತೇವೆ, ಆ ಮನುಷ್ಯರೋ ದೇವರ ಹೋಲಿಕೆಯಲ್ಲೇ ಉಂಟಾದವರು, ಇದೇನು ನ್ಯಾಯ ಎಂದು ಆತ ಕೇಳುತ್ತಾನೆ. ಒಂದೇ ಬುಗ್ಗೆಯಿಂದ ಸಿಹಿನೀರು, ಕಹಿನೀರು ಎರಡೂ ಬರುವುದುಂಟೇ? ನೋಡಿ, ಇಲ್ಲಿ ಒಳ್ಳೆಯ ಮಾತಾಡು, ನಿನಗೆ ಒಳ್ಳೆಯ ಹೆಸರು ಬರುತ್ತದೆ ಎಂಬ ಲಾಭದ ಲೆಕ್ಕವಿಲ್ಲ. ಎದುರಿಗೆ ನಿಂತವನು ಯಾರು ಎಂಬುದೇ ಕಾರಣ. ಬೈದದ್ದು ಲಿಫ್ಟಿನ ಹುಡುಗನನ್ನಾದರೂ ಬೈಗುಳ ಅವನಲ್ಲಿ ನಿಲ್ಲುವುದಿಲ್ಲ.

ಯೇಸುವಿನ ಪರ್ವತ ಪ್ರಸಂಗದಲ್ಲೂ ಇದೇ ಬೇರು. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಕೊಲೆಯ ಮಾತು ಬಂದ ಕೂಡಲೇ ಬೈಗುಳದ ಮಾತು ಬರುತ್ತದೆ. ಅಲ್ಲಿ ರಾಕಾ ಎಂಬ ಒಂದು ಅರಮಾಯಿಕ್ ಬೈಗುಳವಿದೆ. ಬರಿದು, ತಲೆಯಲ್ಲಿ ಏನೂ ಇಲ್ಲದವನು ಎಂಬ ಅರ್ಥ. ನಾವು ದಿನಕ್ಕೆ ಹತ್ತು ಸಲ ಆಡುವಂಥದು. ತಲೆಯಲ್ಲಿ ಜೇಡಿಮಣ್ಣು ತುಂಬಿದೆಯೇನೋ ಎಂದು ಮಕ್ಕಳಿಗೆ ಹೇಳುವುದಿಲ್ಲವೇ? ಅಂಥ ಮಾತನ್ನು ಕೊಲೆಯ ಪಕ್ಕದಲ್ಲಿ ಇಟ್ಟರೆ ಅತಿಯಾಯಿತು ಎನ್ನಿಸುವುದು ಸಹಜ. ಒಬ್ಬ ಮನುಷ್ಯನನ್ನು ಬರಿದು ಎಂದು ಎಣಿಸಿದ ಮೇಲೆ ಅವನಿಗೆ ಏನು ಮಾಡಿದರೂ ನಡೆಯುತ್ತದೆ ಎಂಬ ಧೈರ್ಯ ಬರುತ್ತದಲ್ಲ, ಅಲ್ಲಿಂದ ನೋಡಿದರೆ ಅದು ಅತಿಯಲ್ಲ.

ಹಾಗಾದರೆ ಎಲ್ಲರೊಂದಿಗೂ ನಯವಾಗಿ ಮಾತಾಡಿಬಿಟ್ಟರೆ ಆಯಿತೇ? ಇಲ್ಲಿ ಯಾಕೋಬ ನಮ್ಮನ್ನು ಸುಲಭವಾಗಿ ಬಿಡುವುದಿಲ್ಲ. ಎರಡನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಮೈಮೇಲೆ ಬಟ್ಟೆಯಿಲ್ಲದ, ಆ ದಿನದ ಊಟಕ್ಕೆ ಗತಿಯಿಲ್ಲದ ಒಬ್ಬರು ಬರುತ್ತಾರೆ. ಒಬ್ಬ ಸಜ್ಜನ ಅವರಿಗೆ, ಸುಖವಾಗಿ ಹೋಗಿ ಬನ್ನಿ, ಬೆಚ್ಚಗಿರಿ, ಹೊಟ್ಟೆತುಂಬ ಉಣ್ಣಿ ಎಂಬಂತೆ ಹರಸಿ ಕಳಿಸುತ್ತಾನೆ. ಕೈಯಲ್ಲಿ ಏನೂ ಕೊಡುವುದಿಲ್ಲ. ಅವನ ಮಾತಿನಲ್ಲಿ ಒಂದಾದರೂ ಕೆಟ್ಟ ಪದ ಇದೆಯೇ? ಇಲ್ಲ. ಆದರೂ ಯಾಕೋಬ ಕೇಳುತ್ತಾನೆ, ಇದರಿಂದ ಪ್ರಯೋಜನವೇನು ಎಂದು.

ಇದನ್ನು ಓದುವಾಗ ನನಗೆ ನೆನಪಾದದ್ದು ನಮ್ಮ ಕೋರಿಕೆ ಗೀತೆಗಳ ಕಾರ್ಯಕ್ರಮಕ್ಕೆ ಬಂದ ಒಂದು ಫೋನು. ವಿಜಾಪುರದ ಕಡೆಯ ಹೆಣ್ಣುಮಗಳು, ನಾಲ್ಕು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುತ್ತಾಳೆ. ಕೆಲಸದ ಮನೆಯ ಅಡುಗೆಮನೆಯಲ್ಲಿ ರೇಡಿಯೋ ಇದೆ, ಅದರಿಂದಲೇ ನಮ್ಮ ಕಾರ್ಯಕ್ರಮ ಗೊತ್ತು. ಹಾಡು ಯಾವುದೆಂದು ಹೇಳಿದ ಮೇಲೆ ಸುಮ್ಮನೆ ಕ್ಷೇಮ ವಿಚಾರಿಸಿದೆ. ಕೆಲಸದ ಮನೆಯವರು ಹೇಗೆ ಎಂದೆ.

“ಭಾಳ ಚಲೋ ಮಂದಿರೀ ಅಕ್ಕಾರ. ಒಂದಿನಾನೂ ಬೈದಿಲ್ಲರೀ. ನಿತ್ಯಾ ಚಾ ಕೊಡ್ತಾರ. ಪಗಾರ ಕೇಳಿದ್ರ ಅಷ್ಟ ನೋಡ್ರಿ, ನಾಳೆ ಅಂತಾರ. ಎರಡು ತಿಂಗಳಾತು. ನಗಕೋತನ ಅಂತಾರ್ರೀ, ಏನನ್ನೂಣು?”

ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ತೊಂದರೆ. ಬೈದಿದ್ದರೆ ತಿರುಗಿ ಜಗಳವಾಡಬಹುದಿತ್ತು, ಕೆಲಸ ಬಿಡಬಹುದಿತ್ತು. ನಗುತ್ತಾ ನಾಳೆ ಎನ್ನುವವರ ಎದುರು ಅವಳಿಗೆ ಬಾಯೇ ಇಲ್ಲದಂತಾಗಿದೆ. ಒಳ್ಳೆಯ ಮಾತನ್ನೇ ಇಟ್ಟುಕೊಂಡು ಇನ್ನೊಬ್ಬರ ಬಾಯಿ ಕಟ್ಟಬಹುದು ಎಂದು ನನಗೆ ಅಷ್ಟು ಸ್ಪಷ್ಟವಾಗಿ ತಿಳಿದದ್ದು ಆ ಫೋನಿನಿಂದ. ಊರಿನಲ್ಲಿ ಅತ್ತೆಗೆ ಔಷಧಿಗೆ ಹಣ ಕಳಿಸಬೇಕಿತ್ತು ಎಂದಳು. ಹಾಡು ಹಾಕಿದೆವು.

ಯಾಕೋಬನ ಪತ್ರದ ಐದನೆಯ ಅಧ್ಯಾಯ ಬರುವುದು ಇದೇ ವಿಷಯಕ್ಕೆ. ಹೊಲ ಕೊಯ್ದ ಆಳುಗಳ ಕೂಲಿಯನ್ನು ಹಿಡಿದಿಟ್ಟುಕೊಂಡ ಸಾಹುಕಾರರ ಮೇಲೆ ಆತ ಹರಿಹಾಯುತ್ತಾನೆ. ಅಲ್ಲಿನ ಚಿತ್ರ ವಿಚಿತ್ರವಾಗಿದೆ. ಮೊದಲು ಕೂಗುವುದು ಕೂಲಿಯವರಲ್ಲ, ಕೊಡದೆ ಉಳಿಸಿಕೊಂಡ ಕೂಲಿಯೇ ಕೂಗುತ್ತದೆ! ಆಮೇಲೆ ಕೊಯ್ದವರ ಮೊರೆ ದೇವರ ಕಿವಿಗೆ ಮುಟ್ಟಿತು ಎನ್ನುತ್ತಾನೆ. ನಾಲಿಗೆಯ ಬಗ್ಗೆ ಅಷ್ಟೆಲ್ಲ ಹೇಳಿದವನು ಕೊನೆಗೆ ಕಪಾಟಿನಲ್ಲಿದ್ದ ದುಡ್ಡಿಗೇ ಬಾಯಿ ಬರಿಸುತ್ತಾನೆ. ಒಂದೇ ಪತ್ರದಲ್ಲಿ ನಾಲಿಗೆಗೆ ಒಂದು ಅಧ್ಯಾಯ, ಕೂಲಿಗೆ ಇಂಥ ಕಟುಮಾತು ಇರುವುದು ಏಕೆಂದು ಮೊದಲ ಓದಿಗೆ ತಿಳಿಯಲಿಲ್ಲ. ಆ ಹೆಣ್ಣುಮಗಳ ಫೋನಿನ ಜೊತೆಗೆ ಓದಿದರೆ ಅವೆರಡು ಬೇರೆ ಬೇರೆ ವಿಷಯಗಳಲ್ಲ.

ಈ ಮಾತಿನ ಹಿಂದೆ ಇನ್ನೂ ಹಳೆಯ ಕಾನೂನಿದೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಬಡ ಆಳಿನ ಕೂಲಿಯನ್ನು ಅಂದಂದೇ, ಸೂರ್ಯ ಮುಳುಗುವ ಮೊದಲು ಕೊಡಬೇಕು. ಅವನ ಜೀವ ಅದರ ಮೇಲೆಯೇ ನಿಂತಿದೆ ಎಂಬ ಕಾರಣವನ್ನೂ ಧರ್ಮೋಪದೇಶಕಾಂಡ ಕೊಡುತ್ತದೆ. ಪೌಲನು ಎಫೆಸದವರಿಗೆ ಬರೆದ ಪತ್ರದಲ್ಲಿ ಇದೇ ಸೂರ್ಯ ಮತ್ತೆ ಬರುತ್ತಾನೆ. ಅಲ್ಲಿ ಗಡುವು ಕೂಲಿಗಲ್ಲ, ಸಿಟ್ಟಿಗೆ. ಹೊತ್ತು ಮುಳುಗಿದ ಮೇಲೂ ಸಿಟ್ಟನ್ನು ಉಳಿಸಿಕೊಳ್ಳಬೇಡಿ ಎಂದು. ಕೊಡಬೇಕಾದ ದುಡ್ಡು, ಬಿಡಬೇಕಾದ ಸಿಟ್ಟು, ಎರಡಕ್ಕೂ ಸಂಜೆಯೇ ಕೊನೆಯ ಗಳಿಗೆ. ನಮ್ಮಲ್ಲಿ ಎರಡೂ ತಿಂಗಳುಗಟ್ಟಲೆ ಸಾಗುತ್ತವೆ.

ಪೌಲನ ಇನ್ನೊಂದು ಮಾತು ನನಗೆ ಇಷ್ಟ. ಕೊಲೊಸ್ಸೆಯವರಿಗೆ ಬರೆಯುತ್ತಾ ಮಾತಿಗೆ ಉಪ್ಪಿನ ರುಚಿ ಇರಲಿ ಎನ್ನುತ್ತಾನೆ. ಗಮನಿಸಿ, ಸಕ್ಕರೆ ಎನ್ನಲಿಲ್ಲ.

ಇನ್ನು ಕೊಟ್ಟ ಮಾತಿನ ವಿಷಯ. ಆಣೆ ಇಡಬೇಡಿ, ಹೌದು ಎಂದರೆ ಹೌದಾಗಿರಲಿ, ಇಲ್ಲ ಎಂದರೆ ಇಲ್ಲವಾಗಿರಲಿ ಎಂಬುದು ಪರ್ವತ ಪ್ರಸಂಗದಲ್ಲೂ ಇದೆ, ಯಾಕೋಬನಲ್ಲೂ ಇದೆ. ಇದನ್ನು ಅಕ್ಷರಶಃ ಹಿಡಿದವರು ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಕ್ವೇಕರರು. ಜಾರ್ಜ್ ಫಾಕ್ಸ್ ಎಂಬಾತ ಅವರಿಗೆ ಮೂಲಪುರುಷ, 1624ರಲ್ಲಿ ಹುಟ್ಟಿ 1691ರಲ್ಲಿ ತೀರಿಕೊಂಡವನು. ನ್ಯಾಯಾಲಯದಲ್ಲಿ ಬೈಬಲ್ ಮುಟ್ಟಿ ಪ್ರಮಾಣ ಮಾಡು ಎಂದರೆ ಇವರು ಒಪ್ಪುತ್ತಿರಲಿಲ್ಲ. ಪ್ರಮಾಣ ಮಾಡಿದಾಗ ಮಾತ್ರ ನಿಜ ಹೇಳುತ್ತೇನೆಂದರೆ ಮಿಕ್ಕ ಹೊತ್ತಿನಲ್ಲಿ ಸುಳ್ಳು ಹೇಳುತ್ತೇನೆಂದು ಒಪ್ಪಿದಂತಲ್ಲವೇ ಎಂಬುದು ಅವರ ವಾದ. ಇದಕ್ಕಾಗಿ ಜೈಲು ಕಂಡರು, ಆಸ್ತಿ ಕಳೆದುಕೊಂಡರು. ಕಡೆಗೆ 1690ರ ದಶಕದಲ್ಲಿ ಇಂಗ್ಲೆಂಡಿನ ಸಂಸತ್ತು ಅವರು ಪ್ರಮಾಣದ ಬದಲು ದೃಢೀಕರಣ ಮಾಡಬಹುದು ಎಂದು ಕಾಯಿದೆ ಮಾಡಿತು. ಇಂದು ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿ ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು ಅಥವಾ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು ಎಂದು ಎರಡು ದಾರಿ ಇದೆಯಲ್ಲ, ಅಂಥ ಎರಡನೆಯ ದಾರಿಗಾಗಿ ಬಹಳ ಹಿಂದೆಯೇ ಜೈಲಿನಲ್ಲಿ ಕೊಳೆತವರಲ್ಲಿ ಈ ಜನರೂ ಇದ್ದರು.

ಅಂಗಡಿ ಇಟ್ಟ ಕ್ವೇಕರರು ಇನ್ನೊಂದು ಕೆಲಸ ಮಾಡಿದರು. ಒಂದು ಸಾಮಾನಿಗೆ ಒಂದೇ ಬೆಲೆ. ಹತ್ತಕ್ಕೆ ಕೊಡುವ ಮನಸ್ಸಿದ್ದು ಹದಿನೈದು ಹೇಳುವುದು ಸುಳ್ಳು ಎಂದು ಅವರ ಎಣಿಕೆ. ಚೌಕಾಸಿಯೇ ಪದ್ಧತಿಯಾಗಿದ್ದ ಕಾಲದಲ್ಲಿ ಜನ ಮೊದಮೊದಲು ನಕ್ಕರು. ಆಮೇಲೆ ಮಗುವನ್ನು ಕಳಿಸಿದರೂ ಮೋಸವಿಲ್ಲ ಎಂದು ಅವರ ಅಂಗಡಿಗೇ ಹೋಗತೊಡಗಿದರು. ಕ್ರಾಫರ್ಡ್ ಮಾರ್ಕೆಟ್ಟಿನಲ್ಲಿ ಇದನ್ನು ನೆನೆಸಿಕೊಂಡು ನಾನು ಎಷ್ಟೋ ಸಲ ನಿಟ್ಟುಸಿರು ಬಿಟ್ಟಿದ್ದೇನೆ.

ಮೂರನೆಯದು ನಮಗೆ, ಕನ್ನಡಿಗರಿಗೆ, ಇನ್ನೂ ಹತ್ತಿರದ್ದು. ಆಗಿನ ಇಂಗ್ಲಿಷಿನಲ್ಲೂ ನಮ್ಮಂತೆ ನೀನು, ನೀವು ಎಂಬ ಭೇದವಿತ್ತು. ದೊಡ್ಡವರಿಗೆ ನೀವು, ಆಳಿಗೆ ನೀನು. ಕ್ವೇಕರರು ನ್ಯಾಯಾಧೀಶನಿಗೂ ನೀನು ಎಂದರು, ಟೋಪಿಯನ್ನೂ ತೆಗೆಯಲಿಲ್ಲ. ಏಟು ತಿಂದರು. ದೇವರೆದುರು ಎಲ್ಲರೂ ಒಂದೇ ಎಂದಾದ ಮೇಲೆ ಮಾತಿನಲ್ಲಿ ಮೆಟ್ಟಿಲು ಯಾಕೆ ಎಂದು ಅವರ ಹಟ. ಅವರು ಎಲ್ಲರನ್ನೂ ನೀನು ಎಂದು ಒಂದು ಸಮಕ್ಕೆ ತಂದರು. ನಮ್ಮ ಭಾಷೆಯಲ್ಲಿ ಆ ದಾರಿ ಹಿಡಿದರೆ ಜಗಳವಾದೀತು. ನಮ್ಮಲ್ಲಿ ತಾಯಿಗೂ ದೇವರಿಗೂ ನೀನು ಎನ್ನುತ್ತೇವೆ, ಅದು ಪ್ರೀತಿ. ಹೋಟೆಲಿನಲ್ಲಿ ಮೇಜು ಒರೆಸುವವನಿಗೂ ನೀನು ಎನ್ನುತ್ತೇವೆ, ಅದು ಪ್ರೀತಿಯಲ್ಲ. ಅವನು ನಮಗಿಂತ ಇಪ್ಪತ್ತು ವರ್ಷ ದೊಡ್ಡವನಾಗಿದ್ದರೂ ಹುಡುಗಾ ಎಂದೇ ಕೂಗುತ್ತೇವೆ. ಕನ್ನಡದಲ್ಲಿ ಸಮ ಮಾಡಬೇಕಾದರೆ ಅವನಿಗೂ ನೀವು ಎನ್ನುವುದೇ ದಾರಿ ಎಂದು ನನ್ನ ಅಭಿಪ್ರಾಯ. ಉತ್ತರ ಕರ್ನಾಟಕದವರ ಆ ಒಂದು ರೀ ಎಷ್ಟು ದೊಡ್ಡ ಸಂಪತ್ತು! ಫೋನು ಮಾಡಿದ ಆ ಹೆಣ್ಣುಮಗಳು ಪಗಾರ ಕೊಡದ ಮನೆಯವರ ಬಗ್ಗೆ ಮಾತಾಡುವಾಗಲೂ ಅದನ್ನು ಬಿಟ್ಟಿರಲಿಲ್ಲ.

ಕ್ರೈಸ್ತರೆಲ್ಲ ಇದನ್ನು ಪಾಲಿಸಿದರೆಂದು ನಾನು ಹೇಳುತ್ತಿಲ್ಲ. ಚಿನ್ನದ ಉಂಗುರ ತೊಟ್ಟವನಿಗೆ ಮುಂದಿನ ಪೀಠ, ಹರಕು ಬಟ್ಟೆಯವನಿಗೆ ಕಾಲ ಬಳಿ ನೆಲ, ಹೀಗೆ ಮಾಡಬೇಡಿ ಎಂದು ಯಾಕೋಬ ಬರೆದು ಎಷ್ಟೋ ಶತಮಾನಗಳಾದ ಮೇಲೂ ಇಂಗ್ಲೆಂಡಿನ ಚರ್ಚುಗಳಲ್ಲಿ ಹಣವಂತರು ಬಾಡಿಗೆ ಕೊಟ್ಟು ಬೆಂಚು ಹಿಡಿಯುತ್ತಿದ್ದರು. ತಿರುನೆಲ್ವೇಲಿ ಕಡೆಯ ವಡಕ್ಕನ್‌ಕುಳಂ ಇಗರ್ಜಿಯಲ್ಲಿ ಜಾತಿಯವರಿಗೊಂದು ಭಾಗ ಎಂದು ನಡುವೆ ಗೋಡೆಯೇ ಇತ್ತು. 1910ರ ಸುಮಾರಿಗೆ ಅದನ್ನು ಒಡೆದಾಗ ಕೋರ್ಟು ಕಚೇರಿಯೂ ಆಯಿತು. ಬೋಧನೆ ಇದ್ದೂ ಗೋಡೆ ಎದ್ದಿತು. ಆದರೆ ಗೋಡೆ ತಪ್ಪು ಎನ್ನಲು ಅವರು ಬೇರೆ ಪುಸ್ತಕ ಹುಡುಕಬೇಕಾಗಲಿಲ್ಲ ಎಂಬುದೂ ನಿಜ.

ಬೆನ್ನ ಹಿಂದಿನ ಮಾತಿನ ಬಗ್ಗೆ ಸ್ವಲ್ಪ ಹೇಳಿ ಮುಗಿಸುತ್ತೇನೆ. ಹದಿಮೂರನೆಯ ಶತಮಾನದ ಪಂಡಿತ ಥಾಮಸ್ ಅಕ್ವಿನಾಸ್ ಮಾತಿನ ಪಾಪಗಳನ್ನು ಜಾತಿಮಾಡಿ ಇಟ್ಟಿದ್ದಾನೆ. ಎದುರಿಗೆ ಬೈಯುವುದು, ಹಿಂದಿನಿಂದ ಆಡಿಕೊಳ್ಳುವುದು, ಚಾಡಿ, ಅಪಹಾಸ್ಯ, ಶಾಪ. ಇವುಗಳಲ್ಲಿ ಎದುರಿಗೆ ಬೈಯುವುದಕ್ಕಿಂತ ಚಾಡಿ ಕೆಟ್ಟದ್ದು ಎನ್ನುತ್ತಾನೆ. ಬೈದರೆ ಮಾನ ಹೋಗುತ್ತದೆ, ಚಾಡಿಯಿಂದ ಗೆಳೆತನ ಹೋಗುತ್ತದೆ, ಗೆಳೆಯ ಮಾನಕ್ಕಿಂತ ದೊಡ್ಡವನು ಎಂದು ಕಾರಣ. 1992ರಲ್ಲಿ ಬಂದ ಕಥೋಲಿಕರ ಧರ್ಮೋಪದೇಶ ಗ್ರಂಥ ಇನ್ನೊಂದು ಹೆಜ್ಜೆ ಇಟ್ಟು, ಇನ್ನೊಬ್ಬರ ನಿಜವಾದ ತಪ್ಪನ್ನೇ ಆದರೂ ಸಕಾರಣವಿಲ್ಲದೆ ಅರಿಯದವರ ಮುಂದೆ ಬಿಚ್ಚಿಡುವುದು ಅಪರಾಧ ಎನ್ನುತ್ತದೆ. ಹಾಳುಮಾಡಿದ ಹೆಸರನ್ನು ಸರಿಪಡಿಸುವ ಹೊಣೆಯನ್ನೂ ಹೊರಿಸುತ್ತದೆ. ನಿಜ ತಾನೇ ಹೇಳಿದೆ ಎಂಬ ನಮ್ಮ ದೊಡ್ಡ ಆಸರೆಯೇ ಇದರಿಂದ ಕುಸಿಯುತ್ತದೆ. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಯಾರ ಮನೆಯ ಮಗಳು ಎಷ್ಟು ಹೊತ್ತಿಗೆ ಬಂದಳು ಎಂದು ಹಾಕುವವರು ಸುಳ್ಳು ಹಾಕುತ್ತಾರೆಯೇ? ಇಲ್ಲ, ಗಂಟೆ ನಿಮಿಷ ಸಹಿತ ನಿಜವನ್ನೇ ಹಾಕುತ್ತಾರೆ.

ಆದರೆ ಒಂದು ಎಚ್ಚರ ಬೇಕು. ಸಕಾರಣವಿಲ್ಲದೆ ಎಂಬ ಮಾತನ್ನು ಬಿಟ್ಟು ಓದಬಾರದು. ಪಗಾರ ಸಿಗದವಳು ತನಗೆ ಪಗಾರ ಸಿಕ್ಕಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದರೆ ಅದು ಚಾಡಿಯಲ್ಲ, ಪರನಿಂದೆಯೂ ಅಲ್ಲ. ಮನೆಯ ಮಾತು ಹೊರಗೆ ಆಡಿದೆ ಎಂದು ಅವಳ ಬಾಯಿ ಮುಚ್ಚಿಸಲು ಹೊರಟವರಿಗೆ ಯಾಕೋಬನ ಐದನೆಯ ಅಧ್ಯಾಯವನ್ನು ಓದಿಸಬೇಕು.

ಆ ಹೆಣ್ಣುಮಗಳು ಮುಂದಿನ ತಿಂಗಳು ಮತ್ತೆ ಫೋನು ಮಾಡಿದ್ದಳು. ಒಂದು ತಿಂಗಳದ್ದು ಬಂತಂತೆ, ಇನ್ನೊಂದು ಬಾಕಿ. ಈ ಸಲ ತಾನೇ ಧೈರ್ಯ ಮಾಡಿ, ನಾಳೆ ಅಂದ್ರ ಯಾವ ನಾಳೆರೀ ಎಂದು ಕೇಳಿದಳಂತೆ. ಮನೆಯವರು ತಾರೀಖು ಹೇಳಬೇಕಾಯಿತು.

ಇವತ್ತು ತಿಂಗಳ ಕೊನೆಯ ದಿನ. ಹೊತ್ತು ಮುಳುಗಲು ಇನ್ನೂ ಸ್ವಲ್ಪ ಸಮಯವಿದೆ. ಕೋರಿಕೆ ಗೀತೆಗಳಿಗಾಗಿ ಫೋನ್ ಲೈನ್ ಎಂದಿನಂತೆ ಏಳು ಗಂಟೆಗೆ ತೆರೆಯುತ್ತದೆ.